ಕೂತ ಅವ್ವ, ಮಲಗಿದ ಮೀನು

ನಮ್ಮವ್ವ ತೀರಿಕೊಂಡ ದಿನ ನಾನು ಎರಡು ಮುದ್ದೆ ಉಂಡೆ. ಈ ಮಾತನ್ನು ನಮ್ಮಜ್ಜಿ ತಾನು ಸಾಯುವವರೆಗೂ ಮನೆಗೆ ಬಂದವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ಸುಳ್ಳೇನಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವಲ್ಲ, ಎದುರುಮನೆಯವರು ಮಕ್ಕರಿಯಲ್ಲಿ ಮುದ್ದೆಯನ್ನೂ ಮಡಕೆಯಲ್ಲಿ ಹುರುಳಿಕಾಳಿನ ಉಪ್ಸಾರನ್ನೂ ತಂದಿಟ್ಟಿದ್ದರು. ಬೆಳಗಿನಿಂದ ಯಾರೂ ನನ್ನನ್ನು ಉಣ್ಣು ಅಂದಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ನಾನೇ ಬಡಿಸಿಕೊಂಡು ಉಂಡೆ. ಖಾರ ಚೆನ್ನಾಗಿತ್ತು. ಆಗ ನನಗೆ ಆರೋ ಏಳೋ ವರ್ಷ. ಈಗ ಹಲ್ಲಿಲ್ಲದ ಮುದುಕಿಯಾಗಿ ಕೂತು ಯೋಚಿಸಿದರೂ ಅದರಲ್ಲಿ ತಪ್ಪೇನು ಅನ್ನುವುದು ನನಗೆ ತಿಳಿಯುವುದಿಲ್ಲ. ಹಸಿವಾಗಿತ್ತು, ಉಂಡೆ.

ಕೊಳ್ಳೇಗಾಲದಲ್ಲಿ ನಮ್ಮದು ಮಗ್ಗದವರ ಬೀದಿಯ ಪಕ್ಕದ ಮನೆ. ಆಗ ನಮ್ಮೂರು ಮದ್ರಾಸಿನವರ ಆಳ್ವಿಕೆಯಲ್ಲಿತ್ತು. ಹೊಳೆ ದಾಟಿದರೆ ಮೈಸೂರು ಮಹಾರಾಜರ ಸೀಮೆ. ಅಪ್ಪ ನೇಯುವವರಿಂದ ರೇಷ್ಮೆ ಸೀರೆ ಕೊಂಡು ಮದ್ರಾಸಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದ. ಮನೆ ಅಂದರೆ ಮುಂದೆ ಪಡಸಾಲೆ, ಅದು ಅಪ್ಪನದು. ಹಿಂದೆ ಅಡುಗೆಮನೆ, ಅದು ಅಜ್ಜಿಯದು. ಇವೆರಡರ ನಡುವೆ ಬೆಳಕಿಂಡಿಯ ಕೆಳಗಿನ ನಡುಮನೆ, ಅದು ಅವ್ವನದು. ಅಲ್ಲಿ ಅವ್ವ ರೇಷ್ಮೆ ನೂಲಿನ ಲಡಿ ಬಿಡಿಸಿ ರಾಟೆಗೆ ಸುತ್ತುತ್ತಿದ್ದಳು. ಆ ರಾಟೆಗೆ ಒಂದು ಕೀಚಲು ಸದ್ದಿತ್ತು. ಎಣ್ಣೆ ಬಿಡು ಅಂತ ಅಜ್ಜಿ ಅಡುಗೆಮನೆಯಿಂದ ಕೂಗುವಳು, ಬಿಡ್ತೀನತ್ತೆ ಅಂತ ಅವ್ವ ಅನ್ನುವಳು, ಬಿಡುತ್ತಿರಲಿಲ್ಲ. ಅತ್ತೆ ಸೊಸೆಯರ ಜಗಳವೆಲ್ಲ ಇಷ್ಟೇ ಇತ್ತು, ದಿನಾ ಇತ್ತು. ನಾನು ಆ ಸದ್ದಿನಲ್ಲೇ ನಿದ್ದೆ ಮಾಡಿ ಆ ಸದ್ದಿನಲ್ಲೇ ಏಳುತ್ತಿದ್ದೆ.

ಲಿಂಗ ಕಟ್ಟಿದ ಮನೆ ನಮ್ಮದು. ಅಜ್ಜಿಯ ಮಡಿ ಎಷ್ಟರ ಮಟ್ಟಿನದು ಅಂದರೆ, ಮೀನು ಅನ್ನುವ ಪದವನ್ನೇ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಾವೇರಿ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರು ನಮ್ಮ ಬೀದಿಯ ತಿರುವಿಗೆ ಬಂದರೆ ಸಾಕು, ಬಾಗಿಲು ಹಾಕಿ, ಹೊಸಿಲಿಗೆ ನೀರು ಹಾಕಿಸುತ್ತಿದ್ದಳು. ಬುಟ್ಟಿಯವಳು ಕೂಗದೆ ಹೋದರೂ ಅಷ್ಟೇ. ‘ಆ ಪದಾರ್ಥ’ ಅನ್ನುತ್ತಿದ್ದಳು ಅಜ್ಜಿ, ಮೂಗು ಹಿಡಿದುಕೊಂಡು.

ಅವ್ವನ ತವರು ರಾಮಾಪುರ, ಕಾಡಿನ ಅಂಚು. ಅಲ್ಲಿಗೆ ಹೋಗಿ ಬಂದವರನ್ನು ಚಳಿಜ್ವರ ಬಿಡುತ್ತಿರಲಿಲ್ಲ. ಅವ್ವ ಒಂದು ಮದುವೆಗೆಂದು ಹೋಗಿ ಬಂದಳು, ಬಂದ ಮೇಲೆ ನಡುಕ ಶುರುವಾಯಿತು. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಕ್ವಿನೈನು ಕುಡಿಸಿದರು, ಹರಕೆ ಹೊತ್ತರು. ಒಂದು ಬೆಳಿಗ್ಗೆ ನಾನು ಎದ್ದಾಗ ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿದ್ದರು.

ಕೂರಿಸಿದ್ದರು ಅನ್ನುವುದೇ ಇಲ್ಲಿ ಮುಖ್ಯ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಕೂರಿಸಿ, ಹೊಸ ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಅಂಗೈಲಿ ಲಿಂಗ ಇಡುತ್ತಾರೆ. ಮಣ್ಣಿಗೆ ಒಯ್ಯುವಾಗಲೂ ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಕೂರಿಸಿಯೇ ಒಯ್ಯುವುದು, ಗುಣಿಯಲ್ಲೂ ಕೂರಿಸುವುದೇ. ನಾನು ಅಲ್ಲಿಯವರೆಗೆ ಕಂಡ ಸಾವೆಲ್ಲ ಬೀದಿಯಲ್ಲಿ ಹೋಗುವ ಬೇರೆಯವರ ಚಟ್ಟಗಳು. ಅದರ ಮೇಲೆ ಅವರು ಉದ್ದಕ್ಕೆ ಮಲಗಿರುತ್ತಿದ್ದರು. ಹಾಗಾಗಿ ಸತ್ತವರು ಮಲಗುತ್ತಾರೆ ಅನ್ನುವುದು ನನಗೆ ಗಟ್ಟಿಯಾಗಿತ್ತು. ಅವ್ವ ಕೂತಿದ್ದಳು. ಕೂತವಳು ಹೇಗೆ ಸತ್ತಾಳು? ಎಷ್ಟೋ ದಿನದ ಮೇಲೆ ಎದ್ದು ಕೂತಿದ್ದಾಳೆ, ಹೊಸ ಸೀರೆ ಬೇರೆ ಉಟ್ಟಿದ್ದಾಳೆ, ವಾಸಿಯಾಗಿರಬೇಕು ಅಂದುಕೊಂಡೆ. ಎದುರಿಗೆ ಕೂತು ಬಹಳ ಹೊತ್ತು ನೋಡಿದೆ. ಸಂಜೆಗೆ ಅವಳನ್ನು ಎತ್ತಿಕೊಂಡು ಹೋದರು. ಮದುವೆಗೆ ಹೋಗಿದ್ದ ಹಾಗೆ ಎಲ್ಲಿಗೋ ಹೋಗಿದ್ದಾಳೆ, ಅಲ್ಲಿ ಕೂತಿರುತ್ತಾಳೆ ಅಂತಲೇ ನನ್ನ ತಲೆಯಲ್ಲಿತ್ತು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ತಬ್ಬಿ ಅಳುವ ಕಾರ್ಯಕ್ರಮ. ಮಧುವನಹಳ್ಳಿಯಿಂದ, ಯಳಂದೂರಿನಿಂದ, ಹನೂರಿನಿಂದ ನೆಂಟರ ಹೆಂಗಸರು ಗಾಡಿ ಕಟ್ಟಿಕೊಂಡು ಬರುವರು. ಹೊಸಿಲು ದಾಟುತ್ತಲೇ ಮನೆಯ ಹೆಂಗಸರ ಕೊರಳಿಗೆ ಬಿದ್ದು, ರಾಗ ಎಳೆದು, ಸತ್ತವಳ ಗುಣವನ್ನೆಲ್ಲ ಹೇಳಿ ಹೇಳಿ ಅಳಬೇಕು. ಇವರೂ ಜೊತೆಗೆ ಅಳಬೇಕು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಎಲೆಅಡಿಕೆ ಹಾಕಿಕೊಂಡು, ಮಳೆ ಬೆಳೆ ವಿಚಾರಿಸುವುದು. ಅಜ್ಜಿ ಇದರಲ್ಲಿ ನಿಸ್ಸೀಮಳು. ಬದುಕಿದ್ದಾಗ ರಾಟೆಗೆ ಎಣ್ಣೆ ಬಿಡದ ಸೊಸೆಯನ್ನು ಈಗ ಬಂಗಾರದ ಗಿಣಿ ಮಾಡಿ ಅಳುತ್ತಿದ್ದಳು. ಆ ಅಳು ಸುಳ್ಳು ಅಂತ ಮಾತ್ರ ನಾನು ಹೇಳಲಾರೆ. ಹೆಂಗಸರು ಕೊನೆಗೆ ನನ್ನ ಕಡೆ ತಿರುಗಿ ತಬ್ಬಿಕೊಳ್ಳುವರು. ಅವರ ಬೆವರು, ಎಲೆಅಡಿಕೆಯ ವಾಸನೆ. ಅವರ ಹೆಗಲ ಮೇಲಿನಿಂದ ನಾನು ಗೋಡೆ ನೋಡುತ್ತಿದ್ದೆ. ಅಳು ಬರುತ್ತಿರಲಿಲ್ಲ. ಯಾಕೆ ಅಳಬೇಕು ಅನ್ನುವುದೂ ಗೊತ್ತಿರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು, ಅಷ್ಟೇ.

“ಅವ್ವನೇ ಮಣ್ಣಿಗೋದ್ರೂ ಈ ಕೂಸಿನ ಕಣ್ಣಲ್ಲಿ ಒಂದನಿ ನೀರು ಬರ್ನಿಲ್ಲ ಕಣ್ರವ್ವ! ಎರಡು ಮುದ್ದೆ ಉಂಡ್ಕಂಡು ಕುಂತದೆ!” ಅನ್ನುವಳು ಅಜ್ಜಿ.

“ಕಲ್ಲು ಬುಡು. ಅಳು ಒಳಗೇ ನಿಂತ್ರೆ ಕೂಸು ಒಣಗೋಯ್ತದೆ ಕಣತ್ತೆ,” ಅನ್ನುವರು ಬಂದವರು.

ಅಳಿಸಲಿಕ್ಕೆ ಮಾಡದ ಪ್ರಯತ್ನವಿಲ್ಲ. ಅವ್ವನ ಸೀರೆ ತಂದು ಮಡಿಲಲ್ಲಿಟ್ಟರು. ಒಬ್ಬಳು ತೊಡೆ ಚಿವುಟಿದಳು. ಅದಕ್ಕೆ ಅವಳ ಕೈ ಕಚ್ಚಿದೆ. ಕಲ್ಲಿನ ಜೊತೆಗೆ ನಾಯಿ ಅನ್ನುವ ಹೆಸರೂ ಬಂತು.

ಅಪ್ಪನೂ ಅಳಲಿಲ್ಲ. ಆದರೆ ಗಂಡಸರು ಅಳದಿದ್ದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಮೊದಲೇ ಮಾತು ಕಡಿಮೆ ಅವನದು, ಈಗ ಪೂರ್ತಿ ನಿಂತುಹೋಯಿತು. ಅರ್ಧ ಮುದ್ದೆ ಮುರಿದು ಇನ್ನರ್ಧವನ್ನು ತಣಿಗೆಯಲ್ಲೇ ಬಿಟ್ಟು ಏಳುತ್ತಿದ್ದ. ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಬಿಸಿಲು ಬಂದು ಹೋದರೂ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಕರೆಯಲಿಲ್ಲ, ಬೈಯಲಿಲ್ಲ, ತಲೆ ಮೇಲೆ ಕೈ ಇಡಲಿಲ್ಲ. ನಾನಿರುವುದು ಅವನ ನೆನಪಿನಲ್ಲಿದೆಯೋ ಇಲ್ಲವೋ ಅನ್ನಿಸುತ್ತಿತ್ತು.

ಅಜ್ಜೀಪುರದ ಅತ್ತೆ ಅಂದರೆ ಅಪ್ಪನ ಅಕ್ಕ, ಅಜ್ಜಿಯ ಹಿರಿಮಗಳು. ಒಳ್ಳೆಯ ಹೆಂಗಸು, ಗಟ್ಟಿ ಗಂಟಲು. ಅವಳಿಗೆ ಗಂಡುಮಕ್ಕಳೇ. ತಿಥಿಯ ಊಟ ಮುಗಿದ ಮಧ್ಯಾಹ್ನ ಅಪ್ಪನ ಎದುರಿಗೆ ಕಾಲು ಚಾಚಿ ಕೂತು ಅವಳು ಮಾತು ತೆಗೆದಳು. ನಾನು ನಡುಮನೆಯಲ್ಲಿ ರಾಟೆಯ ಮಗ್ಗುಲಲ್ಲಿ ಕೂತು ಕೇಳಿಸಿಕೊಂಡೆ.

“ಲೇ ನಂಜ, ಮಾದುನ ನಾನು ಕರ್ಕಂಡೋಯ್ತೀನಿ ಕಣ್ಲಾ. ಅವ್ವುಂಗೂ ವಯಸ್ಸಾಯ್ತು, ಕೂಸ್ನ ಯಾರ್ ನೋಡ್ಕಂಡಾರು? ನೀನು ಮದ್ರಾಸು ಮದ್ರಾಸು ಅಂತ ತಿರುಗೋನು. ನಾಳೆ ಎಂಗಿದ್ರೂ ನಮ್ಮನೆ ಸೊಸೇನೆ ತಾನೆ ಅವ್ಳು. ಈಗ್ಲೇ ಬಂದು ಬೆಳೀಲಿ.”

ಮಾದು ಅಂದರೆ ನಾನು.

“ಇವ್ನೊಬ್ಬ! ಮಾತಾಡುದ್ರೆ ಮುತ್ತು ಉದುರೋಯ್ತದೆ. ಸರಿ, ಅಮಾಸೆ ಕಳೀಲಿ, ಗಾಡಿ ಕಟ್ಕಂಡು ಬತ್ತೀನಿ. ಆಗ ಬೇಡ ಅನ್ಬ್ಯಾಡ ನೀನು.”

ಅದಕ್ಕೂ ಅಪ್ಪ ಏನೂ ಹೇಳಲಿಲ್ಲ. ಬೇಡ ಅಂದಾನು ಅಂತ ನಾನು ಕಿವಿಗೊಟ್ಟು ಕಾದೆ. ಬೇಕು ಅನ್ನುವುದೊಂದಿದ್ದರೆ ಮನುಷ್ಯರು ಬಾಯಿಬಿಟ್ಟು ಹೇಳುತ್ತಾರಲ್ಲ? ಹೇಳಲಿಲ್ಲ ಅಂದ ಮೇಲೆ ನಾನು ಬೇಡವಾಗಿದ್ದೇನೆ ಅಂತಲೇ ಅರ್ಥ. ಅಜ್ಜೀಪುರಕ್ಕೆ ಹೋಗುವುದಕ್ಕಿಂತ ಅದೇ ನನ್ನನ್ನು ಕೊರೆಯಿತು. ಆದರೂ ಅಳು ಬರಲಿಲ್ಲ.

ಅಷ್ಟರಲ್ಲಿ ಮದ್ರಾಸಿಗೆ ಸೀರೆ ಒಯ್ಯುವ ದಿನ ಬಂತು. ಹೊರಡುವ ಬೆಳಿಗ್ಗೆ ಅಪ್ಪ ಗಂಟು ಕಟ್ಟುತ್ತಾ, ನನ್ನ ಕಡೆ ನೋಡದೆಯೇ ಹೇಳಿದ:

“ಇವಳ್ನೂ ಕರ್ಕಂಡೋಯ್ತೀನಿ.”

ಅಜ್ಜಿ ಬಾಯಿ ಬಾಯಿ ಬಡಿದುಕೊಂಡಳು. ಹೆಣ್ಣುಕೂಸನ್ನು ಅಷ್ಟು ದೂರ ಯಾಕೆ, ತಲೆ ಬಾಚುವವರು ಯಾರು, ಏನು ಉಣ್ಣಿಸುತ್ತೀಯ. ಅವನು ಗಂಟು ಬಿಗಿದು ಹೆಗಲಿಗೆ ಏರಿಸಿದ. ಯಾಕೆ ಕರೆದುಕೊಂಡು ಹೋದನೋ ನನಗೆ ಇವತ್ತಿಗೂ ತಿಳಿಯದು. ಬಸ್ಸಿನಲ್ಲಿ ದಿಂಬದ ಘಾಟಿ ಇಳಿದು, ಈರೋಡಿನಲ್ಲಿ ರೈಲು ಹತ್ತಿ ಹೋದೆವು. ದಾರಿಯುದ್ದಕ್ಕೂ ಅಪ್ಪ ಸೀರೆಯ ಗಂಟಿನ ಮೇಲೆ ಒಂದು ಕೈ, ನನ್ನ ಮೇಲೆ ಒಂದು ಕೈ ಇಟ್ಟುಕೊಂಡು ಕೂತಿದ್ದ. ಎರಡೂ ಕಳೆದುಹೋಗಬಾರದ ಸಾಮಾನು. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

ಅಂಗಡಿಯವರಿಗೆ ಸೀರೆ ಕೊಟ್ಟ ಮೇಲೆ ರೈಲಿಗೆ ಇನ್ನೂ ಹೊತ್ತಿತ್ತು. ಕೂಸಿಗೆ ಸಮುದ್ರ ತೋರಿಸಿಕೊಂಡು ಬನ್ನಿ ಅಂದರು. ಸಮುದ್ರ ನೋಡಿದೆ. ಬಹಳ ನೀರಿತ್ತು. ನನಗೇನೂ ಅನ್ನಿಸಲಿಲ್ಲ. ಮರಳು ಸುಡುತ್ತಿತ್ತು, ಅಪ್ಪನ ಹೆಗಲವಸ್ತ್ರವನ್ನು ತಲೆ ಮೇಲೆ ಹೊದ್ದುಕೊಂಡು ನಿಂತಿದ್ದೆ. ಅಲ್ಲೇ ದಂಡೆಯಲ್ಲಿ ಒಂದು ತಗ್ಗು ಕಟ್ಟಡವಿತ್ತು. ಜನ ಒಳಗೆ ಹೋಗಿ ಹೊರಗೆ ಬರುತ್ತಿದ್ದರು. ನೆರಳು ಸಿಕ್ಕರೆ ಸಾಕು ಅಂತ ಅಪ್ಪ ಕಾಸು ಕೊಟ್ಟು ನನ್ನನ್ನೂ ಎಳೆದುಕೊಂಡು ಒಳಗೆ ನುಗ್ಗಿದ. ಒಳಗೆ ಕತ್ತಲೆ, ತಂಪು, ಪಾಚಿ ಕಟ್ಟಿದ ತೊಟ್ಟಿಯ ವಾಸನೆ. ಕಣ್ಣು ಹೊಂದಿಕೊಂಡಾಗ ನೋಡುತ್ತೇವೆ, ಸುತ್ತಲೂ ಗೋಡೆಯಲ್ಲಿ ಗಾಜು, ಗಾಜಿನ ಹಿಂದೆ ಮೇಲಿನಿಂದ ಬಿಸಿಲು ಬಿದ್ದ ಹಸಿರು ನೀರು, ನೀರಿನ ತುಂಬ ಅಜ್ಜಿಯ ‘ಆ ಪದಾರ್ಥ’.

ಅಪ್ಪನ ಕೈ ತಟ್ಟನೆ ಎದೆಗೆ ಹೋಯಿತು. ಅಂಗಿಯ ಒಳಗಿನ ಬೆಳ್ಳಿ ಕರಡಿಗೆಯನ್ನು, ಅದರೊಳಗಿನ ಲಿಂಗಕ್ಕೆ ಇದು ಕಾಣಬಾರದು ಅನ್ನುವ ಹಾಗೆ, ಅಂಗೈಯಿಂದ ಮುಚ್ಚಿಕೊಂಡ. ಆಚೆ ಈಚೆ ನೋಡಿದ. ಕಾಸು ಕೊಟ್ಟಾಗಿತ್ತು.

“ಅಜ್ಜಿಗೆ ಏಳ್ಬ್ಯಾಡ ಕಣವ್ವ,” ಅಂದ ಪಿಸುದನಿಯಲ್ಲಿ. ಅವ್ವ ಹೋದ ಮೇಲೆ ಅವನು ನನಗೆಂದೇ ಆಡಿದ ಮೊದಲನೆಯ ಮಾತು ಅದು.

ಒಂದು ಕೈ ಕರಡಿಗೆ ಮೇಲೆ ಇಟ್ಟುಕೊಂಡೇ ಅಪ್ಪ ನನ್ನನ್ನು ಗಾಜಿನಿಂದ ಗಾಜಿಗೆ ಕರೆದೊಯ್ದ. ಅರಿಸಿನದ ಬಣ್ಣದವು, ಪಟ್ಟೆ ಬಳಿದುಕೊಂಡವು, ಮುಳ್ಳುಹಂದಿಯ ಹಾಗೆ ಮೈಯೆಲ್ಲ ಮುಳ್ಳಿನವು. ಕುದುರೆ ಮುಖದ್ದೊಂದು ಬಾಲವನ್ನು ಕಡ್ಡಿಗೆ ಸುತ್ತಿಕೊಂಡು ನೆಟ್ಟಗೆ ನಿಂತಿತ್ತು. ಮೀನು ಅಂದರೆ ಬುಟ್ಟಿಯಲ್ಲಿ ನಾರುವುದು ಅಂತ ತಿಳಿದಿದ್ದ ನನಗೆ ಅವು ಬದುಕುತ್ತವೆ ಅನ್ನುವುದೇ ಹೊಸದು. ಇನ್ನೊಂದು ಹಿತವೂ ಇತ್ತು. ಎಷ್ಟೋ ದಿನದಿಂದ ಮನೆಗೆ ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಕಣ್ಣಲ್ಲಿ ನೀರು ಬಂತೋ ಇಲ್ಲವೋ ಅಂತ. ಆ ಕತ್ತಲೆಯಲ್ಲಿ ಎಲ್ಲರೂ ಗಾಜಿನ ಕಡೆ ತಿರುಗಿದ್ದರು. ನನ್ನನ್ನು ಕೇಳುವವರಿರಲಿಲ್ಲ.

ಮೂಲೆಯ ತೊಟ್ಟಿಯಲ್ಲಿ ಏನೂ ಇರಲಿಲ್ಲ, ಬರಿ ಮರಳು. ನೋಡುತ್ತಾ ನೋಡುತ್ತಾ ಮರಳಿನ ಬಣ್ಣದ್ದೇ ಒಂದು ಚಪ್ಪಟೆ ಮೀನು ಕಂಡಿತು, ಮುದ್ದೆ ತಣಿಗೆಯಷ್ಟು ಅಗಲ, ಚಾಟಿಯಂಥ ಬಾಲ. ಕೆಳಗೆ ಅಂಟಿಕೊಂಡು ಮಲಗಿತ್ತು. ಕಂಕುಳಲ್ಲಿ ಕೂಸು ಹೊತ್ತ ತಮಿಳು ಹೆಂಗಸೊಬ್ಬಳು ಗಾಜು ಕುಟ್ಟಿದಳು. ಅದು ಮಿಸುಕಲಿಲ್ಲ. “ಸೆತ್ತುಪೋಚ್ಚು” ಅಂದು ಮುಂದೆ ಹೋದಳು. ಅಷ್ಟು ತಮಿಳು ನಮ್ಮೂರಲ್ಲಿ ಎಲ್ಲರಿಗೂ ಬರುತ್ತಿತ್ತು.

“ಅದು ಸತ್ತೋಗ್ಬುಟ್ಟದೆ, ಬಾರವ್ವ,” ಅಂದ ಅಪ್ಪ.

“ಇಲ್ಲ,” ಅಂದೆ. ಯಾಕೆ ಅಂದೆನೋ. ಮಲಗಿದ್ದು ಸತ್ತಿದ್ದು ಅನ್ನುವುದು ನನ್ನದೇ ಲೆಕ್ಕ. ಅದರ ಪ್ರಕಾರ ಆ ಹೆಂಗಸು ಹೇಳಿದ್ದೇ ಸರಿ. ಆದರೂ ಕಾಲು ಕೀಳಲಿಲ್ಲ. ಮೂಗನ್ನು ಗಾಜಿಗೆ ಒತ್ತಿ ನಿಂತೆ. ಅಪ್ಪ ಎರಡು ಸಲ ಕರೆದ, ಆಮೇಲೆ ಬೇಸತ್ತು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಇಬ್ಬರೂ ನೋಡಿದೆವು. ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಅದರ ಕಣ್ಣಿನ ಹಿಂದೆ ಒಂದು ಸಣ್ಣ ತೂತು ತೆರೆಯಿತು. ಮುಚ್ಚಿತು. ತೆರೆಯಿತು. ಮೈಯಲ್ಲಿ ಬೇರೆಲ್ಲೂ ಅಲ್ಲಾಟವಿಲ್ಲ, ಅದೊಂದು ತೂತು ಮಾತ್ರ ಒಳಗೆ ಯಾರೋ ತಿದಿ ಒತ್ತುವ ಹಾಗೆ ಆಡುತ್ತಿತ್ತು.

“ಇದರವ್ವನ! ಜೀವ ಅದೆ ಕಣವ್ವ!” ಅಂದ ಅಪ್ಪ. ಅವನ ಕೈ ಕರಡಿಗೆಯಿಂದ ಜಾರಿ ಗಾಜಿನ ಮೇಲೆ ಬಂದಿತ್ತು.

ನಾನು ಆ ತೂತನ್ನೇ ನೋಡುತ್ತಾ ಕೇಳಿದೆ:

“ಅಪ್ಪ, ಅವ್ವುನ್ನ ಕೂರ್ಸಿದ್ರಲ್ಲ, ಆಗ ಇಂಗೆ ಏನಾದ್ರೂ ಅಲ್ಲಾಡ್ತಿತ್ತಾ?”

ಅಪ್ಪ ಗಾಜಿನಿಂದ ಕೈ ತೆಗೆದ. ಹಿಂದೆ ಜನ ಬಂದರು, ಹೋದರು.

“ಇಲ್ಲ ಕಣವ್ವ.”

“ನೀನು ನೋಡ್ದಾ?”

“ನೋಡ್ದೆ. ಬೆಳಗಾಗಗಂಟ ನೋಡ್ದೆ.”

“ನಾನೂ ನೋಡ್ದೆ,” ಅಂದೆ.

ನಮ್ಮವ್ವ ಸತ್ತಳು ಅನ್ನುವುದು ನನಗೆ ಗೊತ್ತಾಗಿದ್ದು ಆಗ, ಆ ಕತ್ತಲೆ ಮನೆಯಲ್ಲಿ, ಆ ಮೀನಿನ ಮುಂದೆ. ಮಣ್ಣು ಮಾಡಿದ್ದು, ತಿಥಿ ಮಾಡಿದ್ದು, ತಬ್ಬಿ ತಬ್ಬಿ ಅತ್ತಿದ್ದು ಯಾವುದೂ ಹೇಳಿಕೊಡದ್ದನ್ನು ಅದು ಹೇಳಿಕೊಟ್ಟಿತು. ಕೂತವರೂ ಸಾಯುತ್ತಾರೆ, ಮಲಗಿದ್ದೂ ಬದುಕಿರುತ್ತದೆ. ಎಲ್ಲಾದರೂ ಒಂದು ಕಡೆ ಅಲ್ಲಾಡುತ್ತಿದೆಯಾ ಅಂತ ಕಾದು ನೋಡಬೇಕು. ಅವ್ವನ ಎದುರು ಕೂತು ನಾನು ಅಷ್ಟು ಹೊತ್ತು ನೋಡಿದ್ದೆನಲ್ಲ, ಎಲ್ಲೂ ಅಲ್ಲಾಡಿರಲಿಲ್ಲ. ಆಗಲಾದರೂ ಅಳು ಬಂತೇ ಅಂದರೆ, ಇಲ್ಲ. ಕಾಲು ನೋಯುತ್ತಿತ್ತು. ಎತ್ತಿಕೋ ಅಂದೆ. ಅಪ್ಪ ಎತ್ತಿಕೊಂಡ.

ಊರಿಗೆ ಬಂದ ಮೇಲೆ ಎಲ್ಲ ಮೊದಲಿನ ಹಾಗೇ. ಅಪ್ಪ ಕಂಬಕ್ಕೆ ಒರಗಿದ, ಅರ್ಧ ಮುದ್ದೆಗೆ ಎದ್ದ. ನಾನು ಕಲ್ಲಾಗಿಯೇ ಉಳಿದೆ. ಅಮಾವಾಸ್ಯೆ ಕಳೆಯಿತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು.

ಅತ್ತೆ ನನಗೆ ಹೊಸ ಲಂಗ ತಂದಿದ್ದಳು, ಕಡಲೆಮಿಠಾಯಿ ತಂದಿದ್ದಳು. ಅಜ್ಜಿ ನನ್ನ ಬಟ್ಟೆಯನ್ನು ಗಂಟು ಕಟ್ಟಿ, ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದಳು. ಹೆಣೆಯುತ್ತಾ ಅಳುತ್ತಿದ್ದಳು, ಈ ಸಲ ರಾಗವಿಲ್ಲದೆ. ಅಪ್ಪ ಪಡಸಾಲೆಯಲ್ಲಿ ಅವ್ವ ಬಿಡಿಸದೆ ಬಿಟ್ಟುಹೋದ ಲಡಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಕೂತಿದ್ದ. ಬಿಡಿಸುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ.

“ಒಂಟ್ವಿ ಕಣ್ಲಾ ನಂಜ. ಬಿಸ್ಲೇರೋದ್ರೊಳಗೆ ಸೇರ್ಕಬೇಕು. ಏನಂದೀಯಪ್ಪ? ಕಳಿಸ್ತೀಯ ತಾನೆ?”

ಅಪ್ಪ ನೂಲು ನೋಡುತ್ತಿದ್ದ.

“ಬಾಯಿಗೆ ಬೀಗ. ಸರಿ ಬಾ ಕೂಸೆ, ಅಪ್ಪುನ ಕಾಲಿಗೆ ಬೀಳು.”

ಗಂಟು ಹಿಡಿದುಕೊಂಡೇ ಬಗ್ಗಿ ಕಾಲು ಮುಟ್ಟಿದೆ. ಏಳುವಾಗ ಅವನ ಮುಖ ನನ್ನ ಮುಖದ ಮಟ್ಟಕ್ಕಿತ್ತು. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ತುಟಿ ಹೊಲಿದ ಹಾಗಿತ್ತು. ಕಿವಿಯ ಕೆಳಗೆ, ದವಡೆ ತಿರುಗುವ ಜಾಗದಲ್ಲಿ, ಚರ್ಮ ಏಳುತ್ತಿತ್ತು. ಇಳಿಯುತ್ತಿತ್ತು. ಏಳುತ್ತಿತ್ತು.

ನಾನು ಗಂಟನ್ನು ಕೆಳಗಿಟ್ಟೆ.

“ನಾನು ಬರಕಿಲ್ಲ ಅತ್ತೆ. ಅಪ್ಪುಂಗೆ ನನ್ನ ಕಳ್ಸಕೆ ಇಷ್ಟ ಇಲ್ಲ.”

“ಅಯ್ಯೋ ಇವಳ! ಅವ್ನು ಯಾವಾಗ ಅಂದ್ನೇ ಅಂಗೆ? ಬಾಯೇ ಬಿಟ್ಟಿಲ್ವಲ್ಲ!”

“ಇಲ್ಲಿ ನೋಡು,” ಅಂದು ಅವನ ಕಿವಿಯ ಕೆಳಗೆ ಬೆರಳಿಟ್ಟೆ.

ಅತ್ತೆ ಬಗ್ಗಿ ನೋಡಿದಳು. ಅಜ್ಜಿಯೂ ಎಣ್ಣೆ ಕೈಯಲ್ಲೇ ಬಂದು ನೋಡಿದಳು. ನನ್ನ ಬೆರಳಿನ ಕೆಳಗೆ ಅದು ಒಂದು ಸಲ ನಿಂತಿತು, ಆಮೇಲೆ ಜೋರಾಗಿ ಹೊಡೆದುಕೊಂಡಿತು. ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು, ಎಣ್ಣೆ ಕಾಣದ ರಾಟೆಯಂಥ ಸದ್ದು. ಅವನು ಲಡಿಯಲ್ಲಿ ಮುಖ ಮುಚ್ಚಿಕೊಂಡ. ನಮ್ಮ ಮನೆಯಲ್ಲಿ ಗಂಡಸು ಅತ್ತಿದ್ದನ್ನು ಹೆಂಗಸರು ನೋಡಿದ್ದು ಅದೇ ಮೊದಲು. ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಯಾರೂ ತಬ್ಬಿಕೊಳ್ಳಲಿಲ್ಲ, ರಾಗ ಎಳೆಯಲಿಲ್ಲ. ನಾನು ಬೆರಳು ತೆಗೆಯಲಿಲ್ಲ.

ಕೊನೆಗೆ ಅವನು ಮುಖ ಒರೆಸಿಕೊಂಡು, “ಅಕ್ಕ, ಎತ್ತು ಬಿಚ್ಚಕೇಳು. ಉಂಡ್ಕಂಡು ಓಗೀವಂತೆ,” ಅಂದ.

ಅತ್ತೆ ಎತ್ತು ಬಿಚ್ಚಿಸಲು ಹೋದಳು. ಅಜ್ಜಿ ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಇದ್ನ ಯಾರೇ ಏಳ್ಕೊಟ್ರು ನಿನ್ಗೆ?”

“ಮದ್ರಾಸಲ್ಲಿ ಮೀನು ನೋಡಿ ಕಲ್ತೆ.”

ಆ ಪದ ಪಡಸಾಲೆಯಲ್ಲಿ ಬಿತ್ತು. ಅಪ್ಪನ ಕೈ ತಾನಾಗಿಯೇ ಕರಡಿಗೆಗೆ ಹೋಯಿತು. ಅಜ್ಜಿ ಮೂಗಿಗೆ ಸೆರಗು ಹಿಡಿಯಲು ಕೈ ಎತ್ತಿದಳು. ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಎತ್ತಿದ ಕೈಯಲ್ಲಿ ಕಣ್ಣು ಒರೆಸಿಕೊಂಡಳು.

“ಬಾಯಿ ತೊಳ್ಕಂಡು ಬಾ ಓಗು. ಮುದ್ದೆ ಆರೋಯ್ತದೆ,” ಅಂದಳು.

ನಾನು ಅವತ್ತೂ ಅಳಲಿಲ್ಲ. ನನ್ನ ಅಳು ಬಂದಿದ್ದು ಎಷ್ಟೋ ವರ್ಷದ ಮೇಲೆ, ನನ್ನದೇ ಅಡುಗೆಮನೆಯಲ್ಲಿ, ಕಾರಣವಿಲ್ಲದೆ. ಆ ಮಾತು ಬೇರೆ. ಅವತ್ತು ಅತ್ತೆ, ಅಪ್ಪ, ನಾನು ಸಾಲಾಗಿ ಕೂತು ಉಂಡೆವು. ಅಜ್ಜಿ ಬಡಿಸಿದಳು. ಅಪ್ಪ ಎರಡು ಮುದ್ದೆ ಉಂಡ. ಅದನ್ನು ಮಾತ್ರ ಅಜ್ಜಿ ಯಾರ ಹತ್ತಿರವೂ ಹೇಳಲಿಲ್ಲ.